ಊಟಿಯ ಮಂಜು, ಆಲೆಮನೆಯ ಹೊಗೆ

ಬೆಳಗಿನ ಹಾಲು ಹಾಕಲು ಡೇರಿಗೆ ಹೋಗುವವರೆಲ್ಲ ನಮ್ಮ ಜಗಲಿಯ ಮುಂದೆಯೇ ಹಾದು ಹೋಗಬೇಕು. ಹೋಗುವಾಗ ಕೈಯಲ್ಲಿ ತುಂಬಿದ ಕ್ಯಾನು ಇರುವುದರಿಂದ ಯಾರೂ ನಿಲ್ಲುವುದಿಲ್ಲ. ಬರುವಾಗ ಕ್ಯಾನು ಖಾಲಿ, ನಡಿಗೆಯೂ ನಿಧಾನ. ಒಬ್ಬರಲ್ಲ ಒಬ್ಬರು ನಿಂತು, ನನ್ನ ಹಲಗೆಯ ಮೇಲಿನ ಹಾಳೆಯನ್ನೂ ಅದರ ಪಕ್ಕ ಇಟ್ಟಿಗೆಗೆ ಒರಗಿಸಿಟ್ಟ ಕಲರ್ ಜೆರಾಕ್ಸನ್ನೂ ನೋಡಿ, ಆಮೇಲೆ ತಿರುಗಿ ರಸ್ತೆಯಾಚೆಯ ಬಯಲನ್ನು ನೋಡಿ ಅದೇ ಪ್ರಶ್ನೆ ಕೇಳುತ್ತಾರೆ: "ಅಲ್ಲಾ ಮೇಷ್ಟ್ರೆ, ಎದುರ್ಗೇ ಇಂಥಾ ಗದ್ದೆ ಮಡಿಕಂಡು ಆ ಪಟ ನೋಡ್ಕಂಡು ಯಾಕೆ ಬರೀತಾ ಕುಂತಿದ್ದೀರಿ?"

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಕಿರಿಕಿರಿ. ಕೇಳುವುದರಲ್ಲಿ ನ್ಯಾಯ ಇದೆ ಎಂಬುದೇ ಅದಕ್ಕೆ ಕಾರಣ. ಎದುರಿಗೆ ನಿಜವಾಗಿಯೂ ನೋಡುವಂಥ ಬಯಲಿದೆ. ಗದ್ದೆಯ ತಾಕುಗಳು, ಬದುವಿನ ಮೇಲೆ ತೆಂಗಿನ ಸಾಲು, ಅದರಾಚೆ ಕಬ್ಬು, ಇನ್ನೂ ಆಚೆ ಹೊಳೆದಡದ ಮರಗಳು, ಮಳೆ ಬಂದು ತೊಳೆದ ಮಾರನೆಯ ದಿನವಾದರೆ ಕೊಳ್ಳೇಗಾಲದ ಕಡೆಯ ಬೆಟ್ಟಗಳ ನೀಲಿ ಗೆರೆ. ಇಷ್ಟನ್ನೂ ಬೆನ್ನ ಹಿಂದೆ ಬಿಟ್ಟು ಬೆಳಕವಾಡಿಯ ಜಗಲಿಯಲ್ಲಿ ಕೂತು ನಾನು ಬರೆಯುತ್ತಿದ್ದದ್ದು ಊಟಿ. ಅದೂ ನಾನು ಕಂಡ ಊಟಿ ಅಲ್ಲ, ಕೆ. ವೆಂಕಟಪ್ಪನವರು ಕಂಡದ್ದು.

ಕೆಲಸದಿಂದ ಬಿಡುವಾದ ಮೇಲೆ ನೀರುಬಣ್ಣ ಕಲಿಯಬೇಕೆಂದು ಹೊರಟವನಿಗೆ ವೆಂಕಟಪ್ಪನವರೇ ಯಾಕೆ ಸಿಕ್ಕರು ಎಂದರೆ, ನಮ್ಮ ಕಡೆಯವರು ಎಂಬ ಅಭಿಮಾನವೇ ಮೊದಲ ಕಾರಣ. 1886ರಲ್ಲಿ ಹುಟ್ಟಿದವರು, ಮೈಸೂರು ಅರಮನೆಗೆ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನ. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಕಲ್ಕತ್ತೆಗೆ ಕಳಿಸಿದರು, ಅಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತರು. ಸಿಸ್ಟರ್ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕ 1913ರಲ್ಲಿ ಬಂದಾಗ ಅದರಲ್ಲಿ ವೆಂಕಟಪ್ಪನವರ ಚಿತ್ರಗಳೂ ಇದ್ದವು. ಆ ಕಾಲದವರೆಲ್ಲ ದೇವರನ್ನೂ ಪುರಾಣದ ಪಾತ್ರಗಳನ್ನೂ ಬರೆಯುತ್ತಿದ್ದರು, ಇವರೂ ಬರೆದರು. ಊರಿಗೆ ಮರಳಿದ ಮೇಲೆ ಮಾತ್ರ ಊಟಿಗೂ ಕೊಡೈಕೆನಾಲಿಗೂ ಹೋಗಿ, ಬೆಟ್ಟದೆದುರೇ ಕೂತು, ಯಾವ ದೇವರೂ ಮನುಷ್ಯರೂ ಇಲ್ಲದ ಚಿತ್ರ ಬರೆದರು. ಇಳಿಜಾರು, ಕೆರೆ, ಮೋಡ, ಬೆಳದಿಂಗಳು. ಅಷ್ಟೇ ಸಾಕು ಎಂಬ ಧೈರ್ಯ ನನ್ನನ್ನು ಹಿಡಿಯಿತು. ಬೆಳಕವಾಡಿಯನ್ನು ಬರೆಯಬೇಕಾದರೂ ಮೊದಲು ಬೇಕಾದದ್ದು ಆ ಧೈರ್ಯ. ಇಲ್ಲಿ ಗದ್ದೆ, ಮರ, ಆಕಾಶ ಬಿಟ್ಟರೆ ಬರೆಯಲು ಏನಿದೆ ಎಂದು ಕೇಳುವವರೇ ಹೆಚ್ಚು.

ನೀರುಬಣ್ಣದಲ್ಲಿ ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ವಾಷ್. ಹಲಗೆಯ ತಲೆಯ ಕಡೆ ಒಂದು ಪುಸ್ತಕ ಇಟ್ಟು ಓರೆ ಮಾಡಿಕೊಳ್ಳಬೇಕು. ತಟ್ಟೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಬಣ್ಣ ಕಲಸಿಟ್ಟುಕೊಳ್ಳಬೇಕು, ನಡುವೆ ಮುಗಿದರೆ ಮತ್ತೆ ಅದೇ ಬಣ್ಣ ಕೂಡಿಬರುವುದಿಲ್ಲ. ಬೆಟ್ಟಕ್ಕಾದರೆ ಅಲ್ಟ್ರಾಮರೀನ್ ನೀಲಿಗೆ ಚೂರು ಬರ್ನ್ಟ್ ಸಿಯೆನ್ನಾ ಸೇರಿಸಿದರೆ ಒಂದು ಬೂದುನೀಲಿ ಬರುತ್ತದೆ, ಅದು ದೂರದ ಬಣ್ಣ. ದಪ್ಪ ಬ್ರಷ್ಷಿನ ತುಂಬ ಅದನ್ನು ಹೀರಿಸಿಕೊಂಡು ಬೆಟ್ಟದ ನೆತ್ತಿಯಲ್ಲಿ ಎಡದಿಂದ ಬಲಕ್ಕೆ ಒಂದೇ ಎಳೆತ. ಎಳೆದ ಬಣ್ಣದ ಕೆಳಗಂಚಿನಲ್ಲಿ ನೀರು ತುಂಬಿ ನಿಲ್ಲುತ್ತದೆ. ಅದು ನಿಂತಿರುವಾಗಲೇ ಬ್ರಷ್ಷಿಗೆ ಇನ್ನಷ್ಟು ನೀರು ಸೇರಿಸಿ ಎರಡನೆಯ ಎಳೆತ ಅದನ್ನು ಹಿಡಿದು ಕೆಳಗೆ ತರಬೇಕು. ಮೂರನೆಯದಕ್ಕೆ ಇನ್ನೂ ನೀರು. ಕೊನೆಗೆ ಬ್ರಷ್ಷಿನಲ್ಲಿ ಬರೀ ನೀರೇ ಇರುತ್ತದೆ, ಬೆಟ್ಟ ತೆಳುವಾಗುತ್ತ ಬಂದು ಹಾಳೆಯ ಬಿಳಿಯೊಳಗೆ ಇಲ್ಲವಾಗುತ್ತದೆ. ವೆಂಕಟಪ್ಪನವರ ಚಿತ್ರದ ಮಂಜು ಎಲ್ಲಿದೆ ಎಂದು ನಾನು ಎಷ್ಟೋ ದಿನ ಹುಡುಕಿದ್ದೆ. ಮಂಜಿಗೆ ಅಂತ ಬೇರೆ ಬಣ್ಣ ಇಲ್ಲ. ಬೆಟ್ಟ ಮುಗಿಯುವ ಜಾಗವೇ ಮಂಜು.

ಹೇಳುವುದಕ್ಕೆ ಇಷ್ಟು ಸುಲಭ. ಆದರೆ ಮಳವಳ್ಳಿ ಸೀಮೆಯ ಚೈತ್ರದ ಬಿಸಿಲಿಗೆ ಇದೆಲ್ಲ ಗೊತ್ತಿಲ್ಲ. ಮೊದಲ ಎಳೆತ ಎಳೆದು ಬ್ರಷ್ಷನ್ನು ನೀರಿಗೆ ಅದ್ದಿ ತರುವಷ್ಟರಲ್ಲಿ ಕೆಳಗಂಚು ಒಣಗಿರುತ್ತದೆ. ಅದರ ಮೇಲೆ ಎರಡನೆಯದು ಬಿದ್ದರೆ ಬೆಟ್ಟದ ನಡುವೆ ಒಂದು ಗಡುಸಾದ ಗೆರೆ. ಹಾಳೆಯ ಬೆನ್ನು ಒದ್ದೆ ಮಾಡಿ ನೋಡಿದೆ, ಹಲಗೆಯ ಮೇಲೆ ಒದ್ದೆ ಬಟ್ಟೆ ಹಾಸಿ ನೋಡಿದೆ, ಸೂರ್ಯ ಮೂಡುವ ಮೊದಲೇ ಎದ್ದು ಕೂತು ನೋಡಿದೆ. ಒಂದೊಂದರಿಂದಲೂ ಅಷ್ಟಷ್ಟು ಉಪಕಾರವಾಯಿತು. ಹಾಗೆ ಬೆಳಗಿನ ಜಾವಕ್ಕೆ ಎದ್ದು ಕೂರುವುದು ಅಭ್ಯಾಸವಾದದ್ದರಿಂದಲೇ ಹಾಲಿನ ಕ್ಯಾನಿನವರ ಪ್ರಶ್ನೆಗೂ ಸಿಕ್ಕಿಬಿದ್ದದ್ದು.

ನೋಡಿ ಬರೆಯುವುದು ಎಂದರೆ ಕಳ್ಳತನ ಎಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ. ಪರೀಕ್ಷೆಯ ಕೋಣೆಯಿಂದಲೇ ಬಂದಿರಬೇಕು. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟಿದವರಿಗೆ ಗೊತ್ತಿರುತ್ತದೆ, ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಹೂಜಿಯನ್ನೇ ತರಗತಿಯೆಲ್ಲ ಬರೆಯುತ್ತಿತ್ತು, ಆದರೆ ಪಕ್ಕದವನ ಹಾಳೆಯ ಹೂಜಿ ನೋಡುವಂತಿರಲಿಲ್ಲ. ಸಂಗೀತದವರಿಗೆ ಈ ಕಷ್ಟವಿಲ್ಲ. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ಯರ ಹೆಸರು ನಮ್ಮೂರಿನ ಹೆಮ್ಮೆ, ಹೊರಗಿನವರು ನಮ್ಮ ಊರಿನ ಹೆಸರನ್ನು ಗುರುತಿಸುವುದೂ ಬಹಳ ಮಟ್ಟಿಗೆ ಅವರಿಂದಲೇ. ಆ ಪರಂಪರೆಯಲ್ಲಿ ಪಾಠ ಎಂದರೆ ಗುರು ಹಾಡಿದ್ದನ್ನು ಶಿಷ್ಯ ಹಾಗೆಯೇ ಹಾಡುವುದು. ಗಮಕ ಎಲ್ಲಿ ತಿರುಗಿತೋ ಅಲ್ಲೇ ತಿರುಗಬೇಕು, ಉಸಿರು ಎಲ್ಲಿ ನಿಂತಿತೋ ಅಲ್ಲೇ ನಿಲ್ಲಬೇಕು. ವರ್ಷಗಟ್ಟಲೆ ಹೀಗೆ ಹಾಡಿದವರನ್ನು ಯಾರೂ ನಕಲು ಮಾಡಿದ ಎನ್ನುವುದಿಲ್ಲ, ಒಳ್ಳೆಯ ಪಾಠಾಂತರ ಇದೆ ಎಂದು ಮೆಚ್ಚುತ್ತಾರೆ. ಮನೋಧರ್ಮ ಎಂಬುದು ಆಮೇಲೆ ಬರುವಂಥದ್ದು, ಪಾಠಾಂತರ ಗಟ್ಟಿಯಿದ್ದವರಿಗೆ ಬರುವಂಥದ್ದು.

ವೆಂಕಟಪ್ಪನವರಿಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಚಿತ್ರದಲ್ಲಿ ಹೆಸರಾದ ಮೇಲೂ ಅವರು ವೀಣೆ ಶೇಷಣ್ಣನವರ ಮುಂದೆ ಶಿಷ್ಯರಾಗಿ ಕೂತು ವೀಣೆ ಕಲಿತವರು. ಅವರು ಹುಟ್ಟಿದ ಚಿತ್ರಗಾರ ಮನೆತನಗಳಲ್ಲೂ ಕಲಿಕೆ ಹೀಗೆಯೇ. ಹಿರಿಯರು ಬರೆದಿಟ್ಟ ರೇಖೆಯ ಮೇಲೆ ಕೈ ತಿದ್ದಿ ತಿದ್ದಿ ಹುಡುಗರು ದೊಡ್ಡವರಾಗುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯನ್ನು ಮಾಡಿಸಿದಾಗ ಯಾವ ದೇವರಿಗೆ ಯಾವ ಬಣ್ಣ, ಎಷ್ಟು ಕೈ, ಯಾವ ಆಯುಧ ಎಂಬುದೆಲ್ಲ ಚಿತ್ರಸಮೇತ ಒಂದೆಡೆ ಸೇರಿತು. ನೋಡಿ ಬರೆಯುವವರಿಗೆ ಅದಕ್ಕಿಂತ ದೊಡ್ಡ ಆಕರ ಇನ್ನೇನು ಬೇಕು. ಕಲ್ಕತ್ತೆಯಲ್ಲಿ ಅವರಿಗೆ ಸಿಕ್ಕ ವಾಷ್ ವಿದ್ಯೆಯೂ ನೋಡಿ ಕಲಿತದ್ದೇ. ಜಪಾನಿನ ಯೊಕೊಯಾಮಾ ತೈಕಾನ್ 1903ರಲ್ಲಿ ಕಲ್ಕತ್ತೆಗೆ ಬಂದಿದ್ದಾಗ ಅವರು ಕೆಲಸ ಮಾಡುವುದನ್ನು ಅವನೀಂದ್ರನಾಥರು ಹತ್ತಿರದಿಂದ ಕಂಡರು. ಮುಂದೆ ಬಣ್ಣ ಹಾಕಿದ ಹಾಳೆಯನ್ನೇ ನೀರಿನಲ್ಲಿ ಮುಳುಗಿಸಿ ತೆಗೆದು, ಅದರ ಮೇಲೆ ಮತ್ತೆ ಬಣ್ಣ ಹಾಕುವ ತಮ್ಮದೇ ರೀತಿ ರೂಢಿಸಿಕೊಂಡರು. ತೈಕಾನರಿಂದ ಅವನೀಂದ್ರರಿಗೆ, ಅವರಿಂದ ಮೈಸೂರಿನ ವೆಂಕಟಪ್ಪನವರಿಗೆ, ಮಳವಳ್ಳಿಯ ಜೆರಾಕ್ಸ್ ಅಂಗಡಿಯ ಮೂಲಕ ನಮ್ಮ ಜಗಲಿಗೆ. ಇಂಥ ಸಾಲಿನ ಕಟ್ಟಕಡೆಗೆ ನಿಲ್ಲುವುದೂ ನನಗೆ ದೊಡ್ಡ ಮರ್ಯಾದೆಯೇ.

ಇಂಗ್ಲೆಂಡಿನ ಟರ್ನರ್ ಕಥೆ ಓದಿದ ದಿನ ನನ್ನ ಧೈರ್ಯ ಇನ್ನೂ ಹೆಚ್ಚಿತು. ಬಿರುಗಾಳಿ, ಸಮುದ್ರ, ಸೂರ್ಯಾಸ್ತಗಳನ್ನು ಬರೆದು ಜಗತ್ತಿಗೆಲ್ಲ ಹೆಸರಾದ ಟರ್ನರ್, ಅವನದೇ ವಯಸ್ಸಿನ ಗರ್ಟಿನ್, ಇಬ್ಬರೂ 1775ರಲ್ಲಿ ಹುಟ್ಟಿದವರು. ಇಪ್ಪತ್ತರ ಆಸುಪಾಸಿನಲ್ಲಿ ಅವರು ಲಂಡನ್ನಿನ ಡಾಕ್ಟರ್ ಮನ್ರೋ ಎಂಬವರ ಮನೆಗೆ ಸಂಜೆ ಆರಕ್ಕೆ ಹೋಗಿ ರಾತ್ರಿ ಹತ್ತರವರೆಗೆ ಕೂರುತ್ತಿದ್ದರು. ಮಾಡುತ್ತಿದ್ದ ಕೆಲಸ, ಜಾನ್ ರಾಬರ್ಟ್ ಕಜೆನ್ಸ್ ಮುಂತಾದವರ ಚಿತ್ರ ನೋಡಿ ಬರೆಯುವುದು. ಗರ್ಟಿನ್ ರೇಖೆ ಎಳೆಯುತ್ತಿದ್ದ, ಟರ್ನರ್ ವಾಷ್ ಹಾಕುತ್ತಿದ್ದ. ಟರ್ನರನಿಗೆ ಸಂಜೆಯೊಂದಕ್ಕೆ ಮೂರೂವರೆ ಶಿಲ್ಲಿಂಗ್ ಸಿಗುತ್ತಿತ್ತು. ಕಜೆನ್ಸ್ ಆಗ ಬುದ್ಧಿ ಸ್ವಾಧೀನ ತಪ್ಪಿ ಅದೇ ಮನ್ರೋ ಅವರ ಆರೈಕೆಯಲ್ಲಿದ್ದ. ತಾನು ಕಾಣದ ಆಲ್ಪ್ಸ್ ಬೆಟ್ಟಗಳನ್ನು ಟರ್ನರ್ ಮೊದಲು ಕಂಡದ್ದು ಕಜೆನ್ಸನ ಕಣ್ಣಿಂದ. ಮುಂದೆ 1802ರಲ್ಲಿ ನಿಜವಾದ ಆಲ್ಪ್ಸ್ ಎದುರು ನಿಂತಾಗ ಅವನ ಕೈ ಅಷ್ಟು ಹೊತ್ತಿಗಾಗಲೇ ಬೆಟ್ಟ ಹತ್ತಿಳಿದಿತ್ತು.

ನೀರುಬಣ್ಣದ ಬಗ್ಗೆ ನನ್ನ ಮನಸ್ಸಿನಲ್ಲಿ ಭಯಭಕ್ತಿ ಹುಟ್ಟಿಸಿದ ಚಿತ್ರ ಮಾತ್ರ ಬೆಟ್ಟದ್ದಲ್ಲ. ಮಂಡ್ಯ, ಮೈಸೂರಿನ ಕಡೆ ಶಾಲೆಗೆ ಹೋದವರೆಲ್ಲ ಅದನ್ನು ಕಂಡಿರುತ್ತಾರೆ. ಮೃಗಾಲಯ, ಅರಮನೆ, ಚಾಮುಂಡಿಬೆಟ್ಟ ಮುಗಿಸಿ ಜಗನ್ಮೋಹನ ಅರಮನೆಗೆ ಕರೆತಂದು ಮಕ್ಕಳನ್ನು ಸಾಲಾಗಿ ಕತ್ತಲೆ ಮಾಡಿದ ಕೋಣೆಯೊಳಗೆ ಬಿಡುತ್ತಿದ್ದರು. ಒಳಗೆ ಸೀರೆಯುಟ್ಟ ಹುಡುಗಿ ಕೈಯಲ್ಲಿ ದೀಪ ಹಿಡಿದು ನಿಂತಿರುತ್ತಾಳೆ. ಬೆರಳ ಸಂದಿಯ ಕೆಂಪು, ಗಲ್ಲದ ಮೇಲಿನ ಬೆಳಕು. ದೀಪ ನಿಜವಾದದ್ದೇ ಎಂದು ನಾವು ಪಿಸುಗುಟ್ಟಿಕೊಂಡಿದ್ದೆವು. ಬಹಳ ಜನ ಅದನ್ನು ರವಿವರ್ಮನದು ಎಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಳದಣಕರ್, 1945-46ರ ಸುಮಾರಿಗೆ, ಎದುರು ನಿಂತಿದ್ದವಳು ಅವರ ಮಗಳು ಗೀತಾ. ಅದು ಎಣ್ಣೆಬಣ್ಣವಲ್ಲ, ನೀರುಬಣ್ಣ ಎಂದು ತಿಳಿದದ್ದು ನನಗೆ ಎಷ್ಟೋ ವರ್ಷದ ಮೇಲೆ. ಎಣ್ಣೆಬಣ್ಣದಲ್ಲಾದರೆ ಬೆಳಕನ್ನು ಕೊನೆಗೆ ಬಿಳಿ ಬಣ್ಣದಿಂದ ಮೇಲೆ ಹಚ್ಚಬಹುದು. ನೀರುಬಣ್ಣದಲ್ಲಿ ಬೆಳಕು ಮೊದಲಿನಿಂದಲೂ ಹಾಳೆಯಲ್ಲೇ ಇರುತ್ತದೆ, ಸುತ್ತ ಕತ್ತಲೆ ತುಂಬುವಾಗ ಅದನ್ನು ಕಾಪಾಡಿಕೊಂಡು ಬರಬೇಕು. ಆ ಹುಡುಗಿಯ ಮುಖದ ಬೆಳಕನ್ನು ಅವರು ಹೇಗೆ ಕಾಪಾಡಿದರು ಎಂದು ನೆನೆದರೆ ಇವತ್ತೂ ಬ್ರಷ್ ಹಿಡಿದ ಕೈ ಒಂದು ಗಳಿಗೆ ನಿಲ್ಲುತ್ತದೆ.

ಆಷಾಢ ಬಂತು. ನಮ್ಮ ಕಡೆ ಆಷಾಢ ಎಂದರೆ ಮಳೆಗಿಂತ ಗಾಳಿಯೇ ಹೆಚ್ಚು. ದಿನವಿಡೀ ಮೋಡ, ನಡುನಡುವೆ ಮುಖಕ್ಕೆ ಎರಚುವ ಸೋನೆ. ಗೋಡೆ, ಬಟ್ಟೆ, ಹಾಳೆ ಎಲ್ಲಕ್ಕೂ ತಣ್ಣನೆಯ ಪಸೆ. ಅಂಥದ್ದೊಂದು ಮಧ್ಯಾಹ್ನ ಅದೇ ಊಟಿಯ ಬೆಟ್ಟಕ್ಕೆ ಕೂತೆ. ಮೊದಲ ಎಳೆತ ಎಳೆದೆ, ಕೆಳಗಂಚಿನ ನೀರು ನನ್ನನ್ನು ಕಾಯುತ್ತ ನಿಂತಿತ್ತು. ಎರಡನೆಯದು, ಮೂರನೆಯದು. ಬಣ್ಣ ತನ್ನಷ್ಟಕ್ಕೆ ತಾನು ಇಳಿದು, ಹರಡಿ, ತಿಳಿಯಾಗಿ ಹಾಳೆಯೊಳಗೆ ಸೇರಿಕೊಂಡಿತು. ಬೆಟ್ಟದ ಬುಡದಲ್ಲಿ ಮಂಜು ನಿಂತಿತ್ತು. ವೆಂಕಟಪ್ಪನವರ ಬೆಟ್ಟದಲ್ಲಿ ಅವರ ಕೈಯಷ್ಟೇ ಅಲ್ಲ, ಊಟಿಯ ಹವೆಯೂ ಕೆಲಸ ಮಾಡಿದೆ ಎಂದು ನನಗೆ ಆಗ ಹೊಳೆಯಿತು. ಆ ಹಾಳೆ ಒಣಗಿದ್ದೂ ಮಂಜಿನಲ್ಲೇ ತಾನೆ. ಗುರುವಿನ ಚಿತ್ರವನ್ನು ಬರೆಯುವಾಗ ಅವರು ಕೂತ ಜಾಗದ ಚಳಿ, ಪಸೆ, ಬೆಳಕಿನ ಹದ ಎಲ್ಲ ಅದರ ಜೊತೆಯೇ ಬರುತ್ತವೆ, ಅವನ್ನು ಬಿಟ್ಟು ಬಣ್ಣ ಮಾತ್ರ ತೆಗೆದುಕೊಳ್ಳಲು ಆಗುವುದಿಲ್ಲ.

ಆ ಮಳೆಗಾಲ ಮುಗಿಯುವ ಮೊದಲು ಬೆಂಗಳೂರಿಗೆ ಹೋಗಿ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ಮೂಲ ಚಿತ್ರಗಳ ಮುಂದೆ ನಿಂತೆ. ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು, 1975ರಲ್ಲಿ ಅವರ ಹೆಸರಿನ ಈ ಕಟ್ಟಡ ಬಂತು. ಹಿಂದೊಮ್ಮೆ ಯಾರ ಜೊತೆಗೋ ಬಂದು ಇದೇ ಚಿತ್ರಗಳನ್ನು ನೋಡಿಕೊಂಡು ಹೋಗಿದ್ದೆ, ಬೆಟ್ಟ ಚೆನ್ನಾಗಿದೆ ಅಂದುಕೊಂಡಿದ್ದೆ. ಈಗ ಹಾಗಿರಲಿಲ್ಲ. ಯಾವ ವಾಷ್ ಮೊದಲು ಬಿದ್ದದ್ದು, ಎಲ್ಲಿ ಒಣಗುವವರೆಗೆ ಕಾದರು, ಎಲ್ಲಿ ಕಾಯದೆ ಒದ್ದೆಯ ಮೇಲೆಯೇ ಇಟ್ಟರು, ಯಾವ ಜಾಗವನ್ನು ಕೊನೆಯವರೆಗೂ ಮುಟ್ಟಲೇ ಇಲ್ಲ, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಜೆರಾಕ್ಸಿನಲ್ಲಿ ಬರೀ ನೀಲಿಯಾಗಿದ್ದ ನೆರಳಿನೊಳಗೆ ಇಲ್ಲಿ ಎಷ್ಟೊಂದು ಬಣ್ಣ. ಒಂದೇ ಚಿತ್ರದ ಮುಂದೆ ಅಷ್ಟು ಹೊತ್ತು ನಿಂತವನನ್ನು ಕಂಡು ಕಾವಲಿನವರು ಕುರ್ಚಿ ತಂದುಕೊಟ್ಟರು. ನಾನು ಕೂತೆ.

ಅಲ್ಲಿ ಕಲಿತದ್ದನ್ನು ಹೊತ್ತುಕೊಂಡು ಮೊದಲು ಹೋದದ್ದು ಗಗನಚುಕ್ಕಿಗೆ. ನಮ್ಮೂರಿಗೆ ನೆಂಟರು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬ ಪ್ರಶ್ನೆಯೇ ಇಲ್ಲ, ಗಗನಚುಕ್ಕಿ ಭರಚುಕ್ಕಿ ಇದ್ದೇ ಇವೆ. ಬೇಸಿಗೆಯಲ್ಲಿ ಅಲ್ಲಿ ಬಂಡೆಯದೇ ದರ್ಬಾರು. ಇರುವಷ್ಟು ನೀರು ಕಾಲುವೆ ಹಿಡಿದು ಕರೆಂಟು ಮಾಡುವ ಮನೆಗೆ ಹೋಗುತ್ತದೆ. ಕೋಲಾರದ ಚಿನ್ನದ ಗಣಿಗೆ 1902ರಲ್ಲಿ, ಬೆಂಗಳೂರಿನ ಬೀದಿದೀಪಕ್ಕೆ 1905ರಲ್ಲಿ ಕರೆಂಟು ಹೋದದ್ದು ಈ ಶಿವನಸಮುದ್ರದಿಂದಲೇ. ಮೇಲೆ ಕಬಿನಿ, ಕನ್ನಂಬಾಡಿ ತುಂಬಿ ಹೊಳೆಗೆ ನೀರು ಬಿಟ್ಟಾಗ ಮಾತ್ರ ಬಂಡೆ ಮುಚ್ಚುತ್ತದೆ. ಹಾಗೆ ಧುಮ್ಮಿಕ್ಕುವ ನೀರನ್ನು ಬರೆಯುವುದು ಹೇಗೆ? ಬರೆಯಬಾರದು. ಬಂಡೆಯನ್ನು ಬರೆಯಬೇಕು, ಬಂಡೆಯ ನಡುವಿನ ಪೊದೆ, ಒದ್ದೆಯಾಗಿ ಕಪ್ಪಿಟ್ಟ ಕಲ್ಲು, ಕಮರಿಯ ನೆರಳು ಇವನ್ನು ಬರೆಯಬೇಕು. ನೀರು ಬೀಳುವ ಜಾಗವನ್ನು ಹಾಳೆಗೇ ಬಿಟ್ಟುಬಿಡಬೇಕು. ಊಟಿಯ ಬೆಟ್ಟದ ಬುಡದಲ್ಲಿ ಕೈಗೆ ಬಂದಿದ್ದ ಈ ಸಂಯಮ ಗಗನಚುಕ್ಕಿಯ ಅಬ್ಬರದ ಮುಂದೆಯೂ ನಿಂತಿತು.

ಆದರೂ ಜಗಲಿಯಲ್ಲಿ ಊಟಿ ಮುಂದುವರಿದೇ ಇತ್ತು. ಬಿಡಲು ಮನಸ್ಸಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಖಾಲಿ ಕ್ಯಾನಿನವರೊಬ್ಬರು ಮತ್ತೆ ಅದೇ ಪ್ರಶ್ನೆ ಕೇಳಿದಾಗ ಪಾಠಾಂತರ, ಶೇಷಣ್ಣ, ಟರ್ನರ್ ಎಲ್ಲವನ್ನೂ ಸೇರಿಸಿ ಒಂದಷ್ಟು ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು. ನಾಟಿಯ ಕಾಲ, ಅವರ ಒಟ್ಟಲು ಕೀಳಲು ಹದವಾಗಿತ್ತು. "ಸರಿ ಬುಡಿ ಮೇಷ್ಟ್ರೆ, ಪೈರು ಏಳಬೇಕು ಅಂದ್ರೆ ಒಟ್ಲು ಬೇಕೇ ಬೇಕು. ಆದ್ರೆ ಒಟ್ಲು ಪಾತೀಲೇ ಬುಟ್ರೆ ತೆನೆ ಬತ್ತದಾ? ಕಿತ್ತು ನಾಟಿ ಹಾಕ್ಬೇಕಲ್ವಾ" ಎಂದು ಹೇಳಿ ಹೊರಟರು. ಇಷ್ಟು ದಿನ ನನ್ನ ಹತ್ತಿರ ಉತ್ತರ ಇಲ್ಲದ ಪ್ರಶ್ನೆ ಕೇಳುತ್ತಿದ್ದವರು ಉತ್ತರವನ್ನೂ ಅವರೇ ಕೊಟ್ಟರು.

ನಾನು ಹಲಗೆ ತಿರುಗಿಸಿ ಕೂತದ್ದು ಮಾರ್ಗಶಿರದ ಚಳಿಗೆ. ಆ ಹೊತ್ತಿಗೆ ಕಬ್ಬಿನ ಬಯಲ ನಡುವೆ ಆಲೆಮನೆ ಹೊತ್ತಿತ್ತು. ಗಾಣದಿಂದ ಬಂದ ಹಾಲು ಕೊಪ್ಪರಿಗೆಯಲ್ಲಿ ಕುದಿಯಲು ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಲೇ ಇರುತ್ತಾರೆ. ಚಳಿಗೆ ಅದರ ಹೊಗೆ ಮೇಲೆ ಹೋಗುವುದಿಲ್ಲ, ಕಬ್ಬಿನ ಗರಿಗಳ ಮೇಲೆ ಅಡ್ಡಡ್ಡ ಹಾಸಿಕೊಳ್ಳುತ್ತದೆ, ತೆಂಗಿನ ಸಾಲಿನ ಬುಡ ಅದರಲ್ಲಿ ಮುಳುಗಿ ತಲೆಗಳು ಮಾತ್ರ ಕಾಣುತ್ತವೆ. ಆ ಬಯಲನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಬೆಲ್ಲದ ವಾಸನೆಯ ಮೇಲೆ ಎಲ್ಲಿ ಆಲೆ ಹೂಡಿದ್ದಾರೆ ಎಂದು ಹೇಳುತ್ತಿದ್ದ ಹುಡುಗ ನಾನು. ಆದರೆ ಆ ಹೊಗೆಗೆ ಒಂದು ಆಕಾರ ಇದೆ, ತೆಂಗಿನ ಮರ ತೆಳುವಾಗುತ್ತ ಬಂದು ಅದರೊಳಗೆ ಇಲ್ಲವಾಗುವ ಒಂದು ಜಾಗ ಇದೆ ಎಂದು ಅಂದೇ ಕಂಡದ್ದು. ಕೈಗೆ ಹೇಳಿಕೊಡಬೇಕಾಗಿರಲಿಲ್ಲ. ಒಂದು ಎಳೆತ, ನೀರು, ಇನ್ನೊಂದು ಎಳೆತ. ಬಣ್ಣ ಮಾತ್ರ ಬೇರೆ. ಊಟಿಯ ಬೂದುನೀಲಿ ಇಲ್ಲಿ ನಡೆಯಲಿಲ್ಲ, ನಮ್ಮ ಹೊಗೆಯೊಳಗೆ ಬಿಸಿಲಿನ ಹಳದಿ ಬೆರೆತಿರುತ್ತದೆ. ಮೊದಲು ಹಾಳೆಯ ತುಂಬ ಯೆಲ್ಲೋ ಓಕರಿನ ತೆಳು ವಾಷ್ ಕೊಟ್ಟು, ಒಣಗಿದ ಮೇಲೆ ಉಳಿದದ್ದು. ಈ ಓಕರ್ ಯಾವ ಗುರುವಿನ ಚಿತ್ರದಲ್ಲೂ ಇರಲಿಲ್ಲ, ಎದುರಿನ ಬಯಲಿನಲ್ಲಿ ಇತ್ತು.

ನೋಡಿ ಬರೆಯುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಒಬ್ಬ ಗುರು ಒಂದು ಹವೆಯನ್ನು ಕಲಿಸಿಕೊಡಬಲ್ಲರು, ನಮ್ಮೂರಿಗೆ ಹವೆ ಒಂದೇ ಅಲ್ಲ. ಮಂಜಿಗೆ, ಹೊಗೆಗೆ, ಸೋನೆಗೆ ವೆಂಕಟಪ್ಪನವರಿದ್ದಾರೆ. ಉರಿಬಿಸಿಲಿಗೆ ಯಾರು? ನೆರಳೂ ಕಾದಿರುವ ಏಪ್ರಿಲ್ಲಿನಲ್ಲಿ ವಾಷ್ ಒಣಗಿಹೋಗುತ್ತದೆ ಎಂದು ಗೊಣಗುವ ಬದಲು, ಆ ಒಣಗುವುದನ್ನೇ ಕೆಲಸಕ್ಕೆ ಹಚ್ಚುವವರು ಬೇಕು. ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರು ನೆನಪಾದರು. 1910ರಲ್ಲಿ ಹುಟ್ಟಿ, ಸ್ವಾತಂತ್ರ್ಯದ ಹೋರಾಟಕ್ಕೆಂದು ಬ್ರಷ್ ಕೆಳಗಿಟ್ಟು, ವರ್ಷಗಳ ಮೇಲೆ ಮತ್ತೆ ಹಿಡಿದು, 1988ರಲ್ಲಿ ತೀರಿಕೊಳ್ಳುವವರೆಗೆ ಬರೆದವರು. ಬೆಂಗಳೂರಿನ ರಾಜಾಜಿನಗರದಲ್ಲಿ ಅವರ ಚಿತ್ರಗಳದೇ ಒಂದು ಮನೆ ಇದೆ. ಅವರ ಹೂಬಿಟ್ಟ ಮರಗಳಲ್ಲಿ ಎಲ್ಲೂ ಬಣ್ಣ ಕರಗಿ ಮಾಯವಾಗುವುದಿಲ್ಲ. ಚುಕ್ಕೆಯ ಪಕ್ಕ ಚುಕ್ಕೆ, ಎಳೆತದ ಪಕ್ಕ ಎಳೆತ, ಒಂದೊಂದೂ ತನ್ನ ಜಾಗದಲ್ಲಿ ನಿಂತು ಉರಿಯುತ್ತದೆ. ನಮ್ಮ ರಸ್ತೆಯ ಗುಲ್‌ಮೊಹರ್ ಹೂಬಿಟ್ಟಾಗ ಅದನ್ನು ಬರೆಯುವ ದಾರಿ ಅದೇ ಇರಬೇಕು. ಅವರ ಮರಗಳ ಎರಡು ಕಲರ್ ಪ್ರಿಂಟ್ ಈಗಾಗಲೇ ತಂದಿಟ್ಟಿದ್ದೇನೆ. ಹಾಳೆಯ ಕೆಳಗೆ "ರುಮಾಲೆಯವರ ಚಿತ್ರ ನೋಡಿ ಬರೆದದ್ದು" ಎಂದು ದಪ್ಪ ಅಕ್ಷರದಲ್ಲಿ ಬರೆದು, ಮೊದಲ ಪಾಠದಿಂದಲೇ ಶುರು. ಮರ ಹೂಬಿಡಲು ಇನ್ನೂ ಸಮಯವಿದೆ, ಅಷ್ಟರಲ್ಲಿ ಕೆಂಪಿನ ಟ್ಯೂಬು ತರಿಸಬೇಕು, ಒಂದು ಸಾಲದು.